ಕಸರತ್ತು ಎಲ್ಲರಿಗೆ, ವೇದಿಕೆ ಕೆಲವರಿಗೆ

ಇಶಾ ನಮಾಝ್ ಮುಗಿದ ಮೇಲೆ ನಮ್ಮ ಹುಡುಗರು ಎಲ್ಲಿರುತ್ತಾರೆ ಎಂದು ಕೇಳಿದರೆ ಮೊದಲೆಲ್ಲ ಎರಡೇ ಉತ್ತರ. ಒಂದೋ ವಾಲಿಬಾಲ್ ಗ್ರೌಂಡು, ಇಲ್ಲವೇ ಪೇಟೆಯ ಕಟ್ಟೆ. ಈಗ ಮೂರನೆಯದೊಂದು ಉಂಟು. ಬೆಳ್ತಂಗಡಿ, ಉಜಿರೆ, ಗುರುವಾಯನಕೆರೆ, ಮಡಂತ್ಯಾರಿನಂಥ ಪೇಟೆಗಳಲ್ಲಿ ಜಿಮ್‌ನ ಕನ್ನಡಿಯ ಮುಂದೆ ತೋಳು ಮಡಚಿ ನೋಡಿಕೊಳ್ಳುವ ಹದಿನಾರು, ಹದಿನೇಳರ ಮಕ್ಕಳಲ್ಲಿ ಬ್ಯಾರಿ ಮನೆಗಳವರೂ ಸಾಕಷ್ಟು ಇದ್ದಾರೆ. ಅವರದೊಂದು ಪ್ರಶ್ನೆ: “ಕಬಡ್ಡಿಗೆ ಹೊನಲು ಬೆಳಕಿನ ಪಂದ್ಯಾಟ ಮಾಡ್ತೀರಿ, ಕ್ರಿಕೆಟಿಗೆ ಟ್ರೋಫಿ ಇಡ್ತೀರಿ. ದೇಹದಾರ್ಢ್ಯ ಎಂತ ಪಾಪ ಮಾಡಿದೆ? ಅದನ್ನೂ ಮುಖ್ಯ ಕ್ರೀಡೆ ಅಂತ ಯಾಕೆ ಬೆಳೆಸಬಾರದು?” ಹಿರಿಯರ ಉತ್ತರ ಅಷ್ಟೇ ಚುಟುಕು: “ಚಡ್ಡಿ ಹಾಕಿ ಎಣ್ಣೆ ಹಚ್ಚಿ ನಿಲ್ಲುವುದು ಆಟವಾ?”

ಎರಡು ಮಾತಿಗೂ ಅರ್ಥ ಉಂಟು. ಆದರೆ ಎರಡೂ ಕಡೆಯವರು ಮುಖ್ಯ ಸಂಗತಿಯನ್ನು ಬಿಟ್ಟು ಮಾತಾಡುತ್ತಿದ್ದಾರೆ ಎಂದು ನಮಗೆ ಅನಿಸುತ್ತದೆ.

ಮೊದಲು ಆಟದ ಮಾತು. ನಮ್ಮ ತಾಲೂಕಿನಲ್ಲೇ ಕಣ್ಣೆದುರು ಒಂದು ಉದಾಹರಣೆ ಇದೆ. ಕುಂದಾಪುರ ಕಡೆಯ ಬಡ ಕುಟುಂಬದ ಚಾಲಕರೊಬ್ಬರ ಮಗ ಗುರುರಾಜ ಪೂಜಾರಿ ಭಾರ ಎತ್ತುವುದನ್ನು ಕಲಿತದ್ದು ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ. 2018ರ ಗೋಲ್ಡ್‌ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋ ವಿಭಾಗದ ಕಂಚು. ಇಲ್ಲಿ ತೀರ್ಪುಗಾರರ ಇಷ್ಟಾನಿಷ್ಟಕ್ಕೆ ಹೆಚ್ಚು ಜಾಗವಿಲ್ಲ. ಕಬ್ಬಿಣ ಮೇಲೆ ಹೋಯಿತೋ ಇಲ್ಲವೋ, ಅಷ್ಟೇ. ಕಬಡ್ಡಿಯೂ ಹಾಗೆಯೇ. 2014ರಲ್ಲಿ ಪ್ರೊ ಕಬಡ್ಡಿ ಟಿವಿಗೆ ಬಂದದ್ದೇ ತಡ, ಗದ್ದೆಯ ಆಟ ದೇಶದ ಆಟವಾಯಿತು. ಪಾಯಿಂಟ್ ಯಾರಿಗೆ ಬಂತೆಂದು ಎಳೆಯ ಮಗುವಿಗೂ ಗೊತ್ತಾಗುತ್ತದೆ.

ದೇಹದಾರ್ಢ್ಯದಲ್ಲಿ ಅಳೆಯುವುದು ಕಣ್ಣು. ಸ್ನಾಯುವಿನ ಗಾತ್ರ, ಎಡಬಲದ ಸಮತೋಲ, ಕೊಬ್ಬು ಕರಗಿದ ಮೇಲೆ ಕಾಣುವ ಗೆರೆ, ಇವನ್ನು ನೋಡಿ ತೀರ್ಪುಗಾರರು ಸ್ಥಾನ ಕೊಡುತ್ತಾರೆ. ಹಾಗಂತ ಅದರ ಹಿಂದಿನ ಶ್ರಮ ಸುಳ್ಳಲ್ಲ. ವರ್ಷಗಟ್ಟಲೆ ಒಂದೇ ಸಮಯಕ್ಕೆ ಏಳುವುದು, ಅಳೆದು ತಿನ್ನುವುದು, ಮದುವೆ ಮನೆಯಲ್ಲಿ ಬಿರಿಯಾನಿಯ ತಟ್ಟೆ ಪಕ್ಕಕ್ಕೆ ಸರಿಸುವುದು ಸಣ್ಣ ಮಾತಲ್ಲ ಮಾರಾಯ್ರೆ. ಕೇಂದ್ರ ಸರಕಾರದ ಕ್ರೀಡಾ ಕೋಟಾದ ನೇಮಕಾತಿ ಪಟ್ಟಿಯಲ್ಲೂ ದೇಹದಾರ್ಢ್ಯಕ್ಕೆ ಜಾಗ ಇದೆ. ಆದರೆ ಜಗತ್ತಿನ ಕೂಟಗಳಲ್ಲಿ ಅದು ನೆಲೆ ನಿಲ್ಲಲಿಲ್ಲ. ಏಷ್ಯನ್ ಗೇಮ್ಸ್‌ನಲ್ಲಿ 2002ರ ಬುಸಾನ್ ಮತ್ತು 2006ರ ದೋಹಾ ಕೂಟಗಳಲ್ಲಿ ಇತ್ತು, ಮುಂದಿನ ಕೂಟದಲ್ಲಿ ಇರಲಿಲ್ಲ. ಒಲಿಂಪಿಕ್ಸ್‌ನ ಬಾಗಿಲು ಅದಕ್ಕೆ ತೆರೆಯಲೇ ಇಲ್ಲ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕನ್ನಡಕ್ಕೆ ‘ಶಾಂತಲಾ’, ‘ರೂಪದರ್ಶಿ’ ಎಂಬ ಕಾದಂಬರಿಗಳನ್ನು ಕೊಟ್ಟ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮ ಶಾಲೆ ನಡೆಸಿದವರು. ಮೈ ಬೆಳೆಸುವುದಕ್ಕೂ ಮನಸ್ಸು ಬೆಳೆಸುವುದಕ್ಕೂ ಜಗಳ ಇಲ್ಲವೆಂದು ಬದುಕಿ ತೋರಿಸಿದರು. ಬಂಗಾಳದ ಮನೋಹರ್ ಐಚ್ ಐದಡಿಯೂ ಇಲ್ಲದ ಆಳು. 1952ರಲ್ಲಿ ಲಂಡನ್‌ನಲ್ಲಿ ತಮ್ಮ ವಿಭಾಗದಲ್ಲಿ ಮಿಸ್ಟರ್ ಯೂನಿವರ್ಸ್ ಆದರು. 2016ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. 1988ರಲ್ಲಿ ಪಂಜಾಬಿನ ಪ್ರೇಮಚಂದ್ ಡೋಗ್ರಾ ಆ ಕಿರೀಟ ತಂದರು.

ಇದರ ಎದುರು ಇನ್ನೊಂದು ಹೆಸರು ಇಡಬೇಕಾಗುತ್ತದೆ. ಅಲ್ಜೀರಿಯಾ ಮೂಲದ ಫ್ರಾನ್ಸಿನ ಮುಹಮ್ಮದ್ ಬೆನಝೀಝಾ 1992ರಲ್ಲಿ ಹಾಲೆಂಡಿನ ಸ್ಪರ್ಧೆಯೊಂದನ್ನು ಗೆದ್ದ ಬೆನ್ನಿಗೇ ಪ್ರಾಣ ಬಿಟ್ಟರು. ಚರ್ಮದಡಿಯ ನೀರು ಇಳಿಸಿ ಸ್ನಾಯು ಎದ್ದು ಕಾಣಲೆಂದು ತೆಗೆದುಕೊಳ್ಳುವ ಮೂತ್ರ ಹೆಚ್ಚಿಸುವ ಔಷಧಿಗಳ ಬಗ್ಗೆ ಜಗತ್ತು ಎಚ್ಚೆತ್ತದ್ದು ಅಂಥ ಸಾವುಗಳಿಂದ. ಐಚ್ ಮತ್ತು ಬೆನಝೀಝಾ ನಡುವೆ ಇರುವುದು ಬರೇ ನಲ್ವತ್ತು ವರ್ಷ. ಆ ನಲ್ವತ್ತು ವರ್ಷದಲ್ಲಿ ಈ ಸ್ಪರ್ಧೆಗೆ ಔಷಧಿ ಹೊಕ್ಕಿತು.

“ಮುಖ್ಯ ಕ್ರೀಡೆ ಮಾಡಿ, ಆಗ ದುಡ್ಡು ಬರ್ತದೆ, ತಪಾಸಣೆ ಬರ್ತದೆ, ಎಲ್ಲ ಸರಿಯಾಗ್ತದೆ” ಎನ್ನುವವರಿದ್ದಾರೆ. ವಾದ ಕೇಳಲು ಚೆಂದ. ಆದರೆ ಈ ಕ್ಷೇತ್ರದಲ್ಲಿ ಆದದ್ದು ತಲೆಕೆಳಗು. ಜಗತ್ತಿನ ದೊಡ್ಡ ಸಂಸ್ಥೆ ಐಎಫ್‌ಬಿಬಿ 2017ರಲ್ಲಿ ಒಡೆಯಿತು. ವಿಶ್ವ ಉದ್ದೀಪನ ಮದ್ದು ನಿಗ್ರಹ ಸಂಸ್ಥೆ ‘ವಾಡಾ’ದ ನಿಯಮ ಒಪ್ಪಿದ ಭಾಗ ಒಂದು ಕಡೆ. ದುಡ್ಡು, ಹೆಸರು, ಮಿಸ್ಟರ್ ಒಲಿಂಪಿಯಾದ ಝಗಮಗ ಇರುವ ಪ್ರೊ ಲೀಗ್ ಇನ್ನೊಂದು ಕಡೆ, ಅದು ವಾಡಾದ ಒಳಗಿಲ್ಲ. ನಮ್ಮ ಮಕ್ಕಳ ಮೊಬೈಲಿನಲ್ಲಿ ಇರುವುದು ಈ ಎರಡನೆಯದ್ದೇ. ಈಜಿಪ್ಟಿನ ಮೀನುಗಾರರಾಗಿ ಕುವೈಟಿಗೆ ದುಡಿಯಲು ಹೋಗಿ 2020 ಮತ್ತು 2021ರಲ್ಲಿ ಮಿಸ್ಟರ್ ಒಲಿಂಪಿಯಾ ಗೆದ್ದ ‘ಬಿಗ್ ರಾಮಿ’, 2022ರಲ್ಲಿ ಗೆದ್ದ ಇರಾನಿನ ಹಾದಿ ಚೂಪಾನ್, ಇವರ ಹೆಸರು ನಮ್ಮ ಹುಡುಗರಿಗೆ ಬಾಯಿಪಾಠ. ಮನೆಮನೆಯಲ್ಲೂ ಗಲ್ಫಿನ ಕಥೆ ಇರುವ ನಮಗೆ ರಾಮಿಯ ಕಥೆ ಹತ್ತಿರ ಅನಿಸುವುದು ಸಹಜ. ನಾವು ಯಾರ ಮೇಲೂ ಬೊಟ್ಟು ಮಾಡುತ್ತಿಲ್ಲ. ಆದರೆ ಉಜಿರೆಯ ಹದಿನೇಳರ ಹುಡುಗ ಆ ಮೈಯನ್ನು ಆರು ತಿಂಗಳಲ್ಲಿ ಬೇಕೆಂದರೆ, ಅದು ಮೊಟ್ಟೆ ಕೋಳಿಯಿಂದ ಬರುವುದಿಲ್ಲ.

ದೇಶದ ಲೆಕ್ಕವೂ ಕಣ್ಣು ತೆರೆಸುವಂಥದ್ದು. ವಾಡಾದ 2019ರ ವರದಿಯಲ್ಲಿ ಭಾರತದ 152 ಉದ್ದೀಪನ ಮದ್ದು ಪ್ರಕರಣಗಳಿದ್ದವು. ಅದರಲ್ಲಿ 57 ದೇಹದಾರ್ಢ್ಯದವು. ಎರಡನೆಯ ಸ್ಥಾನ ವೇಟ್‌ಲಿಫ್ಟಿಂಗ್‌ಗೆ, 25. ಅಂದರೆ ಭಾರ ಎತ್ತುವವರೂ ಶುದ್ಧ ಹಾಲಲ್ಲ. ಆದರೆ ಕೆಲವೇ ಜನ ಆಡುವ ಆಟವೊಂದು ದೇಶದ ಕಳ್ಳಮದ್ದಿನ ಪಟ್ಟಿಯಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಪಡೆದದ್ದು ಸಣ್ಣ ವಿಷಯವಲ್ಲ.

ಇನ್ನು ನಾವು ಹೇಳಬೇಕೆಂದಿದ್ದ ಮುಖ್ಯ ಸಂಗತಿ. ದೇಹದಾರ್ಢ್ಯ ಮುಖ್ಯ ಕ್ರೀಡೆ ಆಗಬೇಕೋ ಬೇಡವೋ ಎಂದು ನಾವು ಚರ್ಚೆ ಮಾಡುತ್ತಾ ಕೂತಿದ್ದೇವೆ. ಅಷ್ಟರಲ್ಲಿ ಸ್ಪರ್ಧೆ ಸಣ್ಣದಾಗಿಯೇ ಉಳಿದು, ಅದರ ಮದ್ದು ಮಾತ್ರ ಊರೂರಿಗೆ ಮುಟ್ಟಿದೆ. ಯಾವ ವೇದಿಕೆಯನ್ನೂ ಹತ್ತದ, ಹತ್ತುವ ಆಸೆಯೂ ಇಲ್ಲದ ಹುಡುಗರು ವೇದಿಕೆಯವರ ಸೂಜಿಗೆ ಕೈ ಕೊಡುತ್ತಿದ್ದಾರೆ. ಮದುವೆಗೆ, ಈದ್ ಫೋಟೋಗೆ, ಗಲ್ಫಿಗೆ ಹೋಗುವ ಮೊದಲು, ಒಂದು ರೀಲ್ಸಿಗೆ. ಸ್ಪರ್ಧಾಳುವನ್ನಾದರೂ ಯಾರೋ ಒಮ್ಮೆ ತಪಾಸಣೆ ಮಾಡಿಯಾರು. ಈ ಹುಡುಗರನ್ನು ಕೇಳುವವರು ಯಾರು?

ಸ್ಟೆರಾಯ್ಡ್ ಚುಚ್ಚಿದಾಗ ಏನಾಗುತ್ತದೆ ಎಂದು ಮನೆಯವರಿಗೆ ಬಿಡಿಸಿ ಹೇಳುವುದು ಒಳ್ಳೆಯದು. ಗಂಡಸಿನ ಹಾರ್ಮೋನು ಹೊರಗಿನಿಂದ ಬಂದರೆ ದೇಹ ತನ್ನದನ್ನು ತಯಾರಿಸುವುದು ನಿಲ್ಲಿಸುತ್ತದೆ. ವೀರ್ಯಾಣು ಕಡಿಮೆಯಾಗುತ್ತದೆ, ಕೆಲವರಲ್ಲಿ ಇಲ್ಲವೇ ಆಗುತ್ತದೆ. ಒಳ್ಳೆಯ ಕೊಲೆಸ್ಟ್ರಾಲ್ ಇಳಿಯುತ್ತದೆ, ರಕ್ತದೊತ್ತಡ ಏರುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಮಾತ್ರೆಯ ರೂಪದ್ದು ಯಕೃತ್ತಿಗೆ ಪೆಟ್ಟು. ಬೆಳೆಯುವ ವಯಸ್ಸಿನಲ್ಲಿ ತೆಗೆದುಕೊಂಡರೆ ಎಲುಬಿನ ಬೆಳವಣಿಗೆ ಬೇಗ ಮುಚ್ಚಿ ಎತ್ತರ ಅಲ್ಲಿಗೇ ನಿಲ್ಲಬಹುದು. ಮದುವೆಯಾಗಿ ಎರಡು ವರ್ಷ ಕಳೆದರೂ ಮಕ್ಕಳಾಗಲಿಲ್ಲವೆಂದು ಸೊಸೆಯತ್ತ ನೋಡುವ ನಮ್ಮ ಮನೆಗಳು, ಮಗ ಜಿಮ್‌ನಲ್ಲಿ ಏನು ಚುಚ್ಚಿಸಿಕೊಂಡಿದ್ದ ಎಂದು ಒಮ್ಮೆ ಕೇಳುವುದುಂಟೇ?

ದೀನಿನ ಮಾತು ಬಂದಾಗ ನಾವು ಫತ್ವಾ ಕೊಡುವವರಲ್ಲ, ಅದು ಉಲಮಾಗಳ ಕೆಲಸ. ಆದರೆ ಎಲ್ಲರಿಗೂ ಗೊತ್ತಿರುವಷ್ಟು ಹೇಳಬಹುದು. ನಾವು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಗಂಡಸಿನ ಔರತ್ ಹೊಕ್ಕುಳಿನಿಂದ ಮೊಣಕಾಲಿನವರೆಗೆ. ಸ್ಪರ್ಧೆಯ ಚಡ್ಡಿ ಅದಕ್ಕೆ ಹೊಂದುವುದಿಲ್ಲ. ಈಚೆಗೆ ಬಂದ ‘ಮೆನ್ಸ್ ಫಿಸಿಕ್’ ವಿಭಾಗದಲ್ಲಿ ಉದ್ದ ಚಡ್ಡಿ ಇದೆ, ಆದರೂ ಅದು ಪೂರ್ತಿ ಮುಚ್ಚುವಂಥದ್ದಲ್ಲ. ಹಿರಿಯರ ಆಕ್ಷೇಪಕ್ಕೆ ಇಷ್ಟು ಆಧಾರ ಇದೆ. ಆದರೆ ಆಕ್ಷೇಪ ಅಲ್ಲಿಗೇ ನಿಂತರೆ ಅರ್ಧ ದೀನ್ ಹೇಳಿದ ಹಾಗಾಯಿತು. ಬಲಶಾಲಿ ವಿಶ್ವಾಸಿಯನ್ನು ಅಲ್ಲಾಹನು ಹೆಚ್ಚು ಮೆಚ್ಚುತ್ತಾನೆಂಬ ಅರ್ಥದ ಹದೀಸನ್ನು ಮದ್ರಸದಲ್ಲೇ ಕೇಳಿದ್ದೇವೆ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ.ಅ.)ಯವರು ಕಲಿಸಿದ್ದಾರೆ. ಅವರು ರುಕಾನ ಎಂಬ ಜಟ್ಟಿಯೊಂದಿಗೆ ಕುಸ್ತಿ ಮಾಡಿದ ಪ್ರಸಂಗವೂ ಇದೆ. ದೇಹ ಅಮಾನತ್ತು. ಅದನ್ನು ಸೂಜಿ ಚುಚ್ಚಿ ಹಾಳು ಮಾಡುವುದೂ ಅಮಾನತ್ತಿನ ದ್ರೋಹ, ಸೋಫಾದಲ್ಲಿ ಕೂತು ಹೊಟ್ಟೆ ಬೆಳೆಸುವುದೂ ದ್ರೋಹ.

ಹೌದು, ಈ ಎರಡನೆಯದನ್ನೂ ಒಪ್ಪಿಕೊಳ್ಳೋಣ. ನಮ್ಮ ಅಜ್ಜಂದಿರಿಗೆ ಜಿಮ್ ಬೇಕಿರಲಿಲ್ಲ. ಮೀನಿನ ಬುಟ್ಟಿ ಹೊತ್ತು ಮೈಲುಗಟ್ಟಲೆ ನಡೆದವರು, ಅಡಿಕೆ ಮೂಟೆ ಲಾರಿಗೆ ಏರಿಸಿದವರು, ಕೆಂಪುಕಲ್ಲಿನ ಕೋರೆಯಲ್ಲಿ ಬೆವರು ಸುರಿಸಿದವರು. ಮೊಮ್ಮಕ್ಕಳು ಅಂಗಡಿಯ ಗಲ್ಲದಲ್ಲಿ, ರಿಕ್ಷಾದ ಸೀಟಿನಲ್ಲಿ, ಗಲ್ಫಿನ ಏಸಿ ಕೋಣೆಯಲ್ಲಿ. ತಟ್ಟೆ ಮಾತ್ರ ಅಜ್ಜನದ್ದೇ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಎಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿತು. ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ, ಜೊತೆಗೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ಕಸರತ್ತು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹುಡುಗರಿಗೆ ಮಾತ್ರ ಅಲ್ಲ. ಉಪ್ಪನಿಗೂ ಅದೇ, ಉಮ್ಮನಿಗೂ ಅದೇ. ನಲ್ವತ್ತೈದು ದಾಟಿದ ಹೆಂಗಸರ ಎಲುಬು ಸವೆಯುವಾಗ ಕಾಪಾಡುವುದು ಕ್ಯಾಲ್ಸಿಯಂ ಮಾತ್ರೆಯೊಂದೇ ಅಲ್ಲ, ಭಾರ ಎತ್ತುವ ಅಭ್ಯಾಸವೂ ಹೌದು. ಅವರಿಗೆಂದೇ ಸಮಯ, ಅವರಿಗೆಂದೇ ಮಹಿಳಾ ತರಬೇತುದಾರರು ಇರುವ ಜಾಗ ನಮ್ಮ ಪೇಟೆಗಳಲ್ಲಿ ಎಷ್ಟಿವೆ?

ಹಾಗಾಗಿ ನಮ್ಮ ನಿಲುವು ಇದು. ದೇಹದಾರ್ಢ್ಯ ಸ್ಪರ್ಧೆ ಸಣ್ಣದಾಗಿಯೇ ಇರಲಿ. ಶಾಲಾ ಕ್ರೀಡಾಕೂಟಕ್ಕೂ ಯುವಕ ಮಂಡಲದ ವಾರ್ಷಿಕೋತ್ಸವಕ್ಕೂ ಅದನ್ನು ತರುವುದು ಬೇಡ. ಹದಿನೆಂಟು ತುಂಬದವರನ್ನು ವೇದಿಕೆಗೆ ಹತ್ತಿಸಬೇಡಿ. ಮದ್ದಿನ ತಪಾಸಣೆ ಮಾಡಿಸಲಾಗದವರು ನಗದು ಬಹುಮಾನದ ಸ್ಪರ್ಧೆ ಇಡುವುದೆಂದರೆ ಸೂಜಿಗೆ ಬಹುಮಾನ ಕೊಟ್ಟ ಹಾಗೆ. ಆದರೆ ಕಸರತ್ತು ಮಾತ್ರ ಕಬಡ್ಡಿಗಿಂತ, ಕ್ರಿಕೆಟಿಗಿಂತ ದೊಡ್ಡದಾಗಲಿ. ಸ್ಪರ್ಧೆಯೇ ಬೇಕೆಂಬ ಹುಡುಗನಿಗೆ ವೇಟ್‌ಲಿಫ್ಟಿಂಗ್ ಉಂಟು, ಪವರ್‌ಲಿಫ್ಟಿಂಗ್ ಉಂಟು, ಕುಸ್ತಿ ಉಂಟು. ಉಜಿರೆಯ ದಾರಿ ದೂರ ಇಲ್ಲ.

ಇದಕ್ಕೆ ಯಾರೂ ಕೋಟಿ ಸುರಿಯಬೇಕಿಲ್ಲ. ಜಮಾಅತಿನ ಹಾಲ್ ವರ್ಷದಲ್ಲಿ ಎಷ್ಟು ದಿನ ಮುಚ್ಚಿರುತ್ತದೆ ಎಂದು ಆಡಳಿತ ಸಮಿತಿಯವರೇ ಲೆಕ್ಕ ಹಾಕಲಿ. ಒಂದು ಮೂಲೆಯಲ್ಲಿ ಕಬ್ಬಿಣದ ರಾಡು, ಒಂದಿಷ್ಟು ತೂಕ, ಅರಿತ ಒಬ್ಬ ತರಬೇತುದಾರ. ಬೆಳಗ್ಗೆ ಸುಬ್‌ಹಿಯ ನಂತರ ಹಿರಿಯರಿಗೆ, ಹಗಲು ಹೆಂಗಸರಿಗೆ, ರಾತ್ರಿ ಹುಡುಗರಿಗೆ. ರಂಝಾನಿನಲ್ಲಿ ತರಾವೀಹ್ ಆದ ಮೇಲೆ. ವಿದೇಶದಲ್ಲಿರುವ ನಮ್ಮವರು ಮಸೀದಿಯ ಕಮಾನಿಗೆ, ಗೇಟಿಗೆ ಹಣ ಕಳಿಸುತ್ತಾರಲ್ಲ, ಅದರ ಒಂದು ಪಾಲು ಇಲ್ಲಿಗೂ ಬರಲಿ. ಖತೀಬರು ವರ್ಷಕ್ಕೊಂದು ಜುಮಾದಲ್ಲಿ ಗಾಂಜಾದ ಜೊತೆ ಸ್ಟೆರಾಯ್ಡ್ ಹೆಸರನ್ನೂ ಎತ್ತಲಿ. ಜಿಮ್ ನಡೆಸುವವರಲ್ಲಿ ಹೆಚ್ಚಿನವರು ಬೆವರು ಸುರಿಸಿ ದುಡಿಯುವವರೇ. ಸೂಜಿ ಮಾರುವ ಒಬ್ಬಿಬ್ಬರಿಂದ ಎಲ್ಲರ ಹೆಸರು ಕೆಡುತ್ತದೆ, ಅಂಥವರನ್ನು ಅವರೇ ಹೊರಗಿಡಲಿ. ವೈದ್ಯರ ಚೀಟಿ ಇಲ್ಲದೆ ಈ ಔಷಧಿ ಕೊಡುವಂತಿಲ್ಲ ಎಂಬುದು ಮೆಡಿಕಲ್ ಅಂಗಡಿಯವರಿಗೆ ಗೊತ್ತೇ ಇದೆ.

ಮನೆಯವರಿಗೆ ಎರಡು ಮಾತು. ಮಗ ಮೂರು ತಿಂಗಳಲ್ಲಿ ಹತ್ತು ಕಿಲೋ ಏರಿದರೆ, ಬೆನ್ನಿನ ತುಂಬ ಮೊಡವೆ ಎದ್ದರೆ, ಸಣ್ಣ ಮಾತಿಗೂ ಕೆರಳಿದರೆ ಮಾಶಾ ಅಲ್ಲಾಹ್ ಎಂದು ಸುಮ್ಮನಾಗಬೇಡಿ. ಬೈಯಲೂ ಬೇಡಿ. ಪಕ್ಕದಲ್ಲಿ ಕೂರಿಸಿ ಕೇಳಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಚುಚ್ಚುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೂ ದೇಹ, ಮನಸ್ಸು ಕುಸಿಯಬಹುದು. ಹಾಗಾಗಿ ವೈದ್ಯರ ಕಣ್ಣಳತೆಯಲ್ಲೇ ನಿಲ್ಲಿಸಬೇಕು. ಎರಡನೆಯದು, ಸಾವಿರಾರು ರೂಪಾಯಿಯ ಡಬ್ಬಿ ಬೇಕೆಂದು ಹಟ ಹಿಡಿದರೆ ಅಡುಗೆಮನೆ ತೋರಿಸಿ. ಚೆನ್ನಾಗಿ ಕಸರತ್ತು ಮಾಡುವ 60 ಕಿಲೋದ ಹುಡುಗನಿಗೆ ದಿನಕ್ಕೆ 95 ಗ್ರಾಂ ಪ್ರೋಟೀನ್ ಧಾರಾಳ ಸಾಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಉಂಟು. ಬಂಗುಡೆ, ಬೂತಾಯಿ, ಕೋಳಿ, ಕಡಲೆ ಹೇಗೂ ನಮ್ಮ ಮನೆಯದ್ದೇ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ನಡುವೆ ಯಾರಾದರೂ ಒಬ್ಬ, ಮದ್ದಿನ ಗೊಡವೆ ಇಲ್ಲದೆ, ವರ್ಷಗಟ್ಟಲೆ ಬೆವರು ಸುರಿಸಿ ವೇದಿಕೆ ಹತ್ತುತ್ತಾನಾದರೆ ಅವನನ್ನು ಗೇಲಿ ಮಾಡುವ ಅಧಿಕಾರ ನಮಗಿಲ್ಲ. ವೇಷದ ಬಗ್ಗೆ ಹೇಳುವುದಿದ್ದರೆ ಉಸ್ತಾದರು ಪ್ರೀತಿಯಿಂದ ಹೇಳಲಿ. ನಾವು ಬಾಗಿಲು ಹಾಕಿದ ದಿನ ಅವನ ಗುರುವಾಗುವುದು ಮೊಬೈಲು, ಅವನ ಗೆಳೆಯನಾಗುವುದು ಸೂಜಿ ಮಾರುವವನು. ಮುಂದಿನ ಜಮಾಅತ್ ಸಭೆಯಲ್ಲಿ ಕಮಾನು, ಗೇಟಿನ ಜೊತೆ ಈ ವಿಷಯವೂ ಒಂದು ಗಳಿಗೆ ಚರ್ಚೆಗೆ ಬರಲಿ ಎಂಬುದು ನಮ್ಮ ವಿನಂತಿ.