ಗಾಡಿಯ ಕಾಯಿಲೆ ಗುರುತಿಸುವ ವಿದ್ಯೆ ಪಾಡಿಗೂ ಬರಲಿ



ಒಂದು ಕಾಲದಲ್ಲಿ ತೋಟದಲ್ಲಿ ಗಾಡಿ ಎಂದರೆ ದೊರೆಯ ಜೀಪು, ಎಲೆ ಸಾಗಿಸುವ ಲಾರಿ, ಇಷ್ಟೇ. ಬಾನೆಟ್ಟು ಎತ್ತುವ ಅಧಿಕಾರ ಡ್ರೈವರನಿಗೆ ಮಾತ್ರ. ಉಳಿದವರು ದೂರ ನಿಂತು ನೋಡಬೇಕು. ಈಗ ಹಾಗಿಲ್ಲ. ಗೂಡಲೂರು, ಪಂದಲೂರು, ಮಾನಂತವಾಡಿ ಕಡೆಯ ಪಾಡಿಗಳ ಮುಂದೆಯೂ ನಾಲ್ಕು ಕೈ ಬದಲಾದ ಒಂದು ಕಾರೋ ಜೀಪೋ ನಿಂತಿರುತ್ತದೆ. ಗ್ರಾಚ್ಯುಟಿ ಹಣ, ಚೀಟಿಯ ಹಣ, ಒಡವೆ ಅಡವಿಟ್ಟ ಹಣ ಸೇರಿಸಿ ಕೊಂಡದ್ದು. ಗಾಡಿಯೇನೋ ಬಂತು. ಅದರ ಕಾಯಿಲೆ ತಿಳಿಯುವ ವಿದ್ಯೆ ಮಾತ್ರ ಪಾಡಿಗೆ ಬರಲಿಲ್ಲ. ಗಾಡಿ ನಿಂತರೆ ಇಂದಿಗೂ ದೂರ ನಿಂತು ನೋಡುವವರೇ ನಾವು.

ಈ ವಿದ್ಯೆಯನ್ನು ಮನೆಮಂದಿಯೆಲ್ಲ ಕಲಿಯಬೇಕು, ಹೆಂಗಸರೂ ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ. ಮೆಕ್ಯಾನಿಕ್ಕಿಗೆ ಕೊಡುವ ಹಣ ಉಳಿಯುತ್ತದೆ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣವನ್ನು ವಯನಾಡಿನವರಿಗೆ ನೆನಪಿಸಬೇಕಾಗಿಲ್ಲ. 2023ರ ಆಗಸ್ಟ್ 25ರಂದು ತಲಪ್ಪುಳದ ಹತ್ತಿರ ಕಣ್ಣೋತ್ತುಮಲೆಯಲ್ಲಿ, ಚಹಾ ತೋಟದ ಕೆಲಸ ಮುಗಿಸಿ ಮನೆಗೆ ಹಿಂದಿರುಗುತ್ತಿದ್ದ ಹೆಂಗಸರ ಜೀಪು ಕಮರಿಗೆ ಬಿತ್ತು. 9 ಮಂದಿ ತೀರಿಕೊಂಡರು. ಅವರೆಲ್ಲರೂ ಹೆಂಗಸರೇ. ನಮ್ಮ ತೋಟಗಳಲ್ಲಿ ಗಾಡಿ ಓಡಿಸುವವನು ಒಬ್ಬ, ಅದರಲ್ಲಿ ಕೂತು ಹೋಗುವವರು ಹನ್ನೆರಡು ಮಂದಿ. ಆ ಹನ್ನೆರಡು ಮಂದಿಗೆ ಗಾಡಿಯ ಸದ್ದು, ವಾಸನೆ ತಿಳಿದಿರಬೇಡವೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿರಿ.

ಮೊದಲು ಸುಲಭದ್ದು, ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಮಳೆಗಾಲದಲ್ಲಿ ಇದು ನಮ್ಮಲ್ಲಿ ದಿನನಿತ್ಯದ ಮಾತು. ಆಗ ನಮ್ಮವರು ಮಾಡುವುದೇನು? ನಾಲ್ಕು ಹುಡುಗರನ್ನು ಕರೆದು ತಳ್ಳಿಸುತ್ತಾರೆ. ಆಗಲೂ ಆಗದಿದ್ದರೆ ಬ್ಯಾಟರಿ ಹೋಯಿತು ಎಂದು ತೀರ್ಪು ಕೊಟ್ಟು, ಐದಾರು ಸಾವಿರ ಕೊಟ್ಟು ಹೊಸದು ತರುತ್ತಾರೆ. ಕೆಲವು ದಿನ ಕಳೆದ ಮೇಲೆ ಆ ಹೊಸ ಬ್ಯಾಟರಿಯೂ ಸಾಯುತ್ತದೆ. ಏಕೆಂದರೆ ಕಾಯಿಲೆ ಬ್ಯಾಟರಿಯಲ್ಲಿ ಇರಲೇ ಇಲ್ಲ. ಅದನ್ನು ಚಾರ್ಜು ಮಾಡುವ ಆಲ್ಟರ್ನೇಟರಿನ ಬೆಲ್ಟು ಸಡಿಲವಾಗಿತ್ತು.

ಕೀಲಿ ತಿರುಗಿಸಿದಾಗ ಏನಾಗುತ್ತದೆ ಎಂಬುದನ್ನು ಕಿವಿಯಿಂದ ಕೇಳಿ, ಕಣ್ಣಿಂದ ನೋಡಿ. ಹೆಡ್‌ಲೈಟು ಹಾಕಿಕೊಂಡು ಕೀಲಿ ತಿರುಗಿಸಿ. ಲೈಟು ಮಂಕಾಗಿ ಟಿಕ್ ಟಿಕ್ ಎಂದು ಸದ್ದು ಮಾತ್ರ ಬಂದರೆ ಬ್ಯಾಟರಿಯಲ್ಲಿ ಶಕ್ತಿಯಿಲ್ಲ, ಇಲ್ಲವೇ ಅದರ ತುದಿಗಳು ಕೊಳೆಯಾಗಿವೆ. ಲೈಟು ಪ್ರಕಾಶವಾಗಿಯೇ ಇದ್ದು ಟಕ್ ಎಂದು ಒಂದೇ ಸದ್ದು ಬಂದು ನಿಂತರೆ ದೋಷ ಹೆಚ್ಚಾಗಿ ಸ್ಟಾರ್ಟರಿನದು. ಇಂಜಿನು ಚೆನ್ನಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಪೆಟ್ರೋಲ್ ಗಾಡಿಯಾದರೆ ಎಣ್ಣೆ ಬರುತ್ತಿಲ್ಲ ಅಥವಾ ಕಿಡಿ ಬರುತ್ತಿಲ್ಲ. ಹಳೆಯ ಡೀಸೆಲ್ ಜೀಪಾದರೆ ಎಣ್ಣೆಯ ಪೈಪಿನಲ್ಲಿ ಗಾಳಿ ಸೇರಿರಬಹುದು. ಡೀಸೆಲ್ ಪೂರಾ ಮುಗಿಯುವವರೆಗೆ ಓಡಿಸಿದವರಿಗೆ ಈ ಶಿಕ್ಷೆ ಖಂಡಿತ. ಫಿಲ್ಟರಿನ ಬಳಿ ಇರುವ ಕೈಪಂಪು ಒತ್ತಿ, ಗಾಳಿ ಬಿಡುವ ತಿರುಪು ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಎಣ್ಣೆ ಹರಿಸಿದರೆ ಅರ್ಧ ಗಂಟೆಯ ಕೆಲಸ.

ಬ್ಯಾಟರಿಯ ತುದಿಗಳಲ್ಲಿ ಬಿಳಿ, ಹಸಿರು ಪುಡಿ ಕಟ್ಟಿಕೊಂಡಿರುವುದನ್ನು ನೀವೆಲ್ಲ ನೋಡಿದ್ದೀರಿ. ಬಿಸಿನೀರಿಗೆ ಒಂದು ಚಮಚ ಅಡಿಗೆ ಸೋಡ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿರಿ. ಆ ನೀರು ಬ್ಯಾಟರಿಯ ಒಳಗೆ ಇಳಿಯದಂತೆ ನೋಡಿಕೊಳ್ಳಿ. ಒಣಗಿಸಿ, ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನು ಹಚ್ಚಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇದನ್ನು ತಪ್ಪಿಸಿದರೆ ಸ್ಪಾನರು ಬಾಡಿಗೆ ತಗುಲಿ ಕಿಡಿ ಹಾರುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರು ಇದ್ದರೆ ಇನ್ನೂ ಒಳ್ಳೆಯದು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟಿನ ಹತ್ತಿರ ತೋರಿಸಿದರೆ ತುಂಬಿದೆ ಎಂದರ್ಥ. 12.2 ಎಂದರೆ ಸುಮಾರು ಅರ್ಧ. ಇಂಜಿನು ಓಡುವಾಗ 13.8ರಿಂದ 14.4ರವರೆಗೆ ಏರಬೇಕು. ಏರದಿದ್ದರೆ ಹೊಸ ಬ್ಯಾಟರಿ ತಂದು ಪ್ರಯೋಜನವಿಲ್ಲ; ಬೆಲ್ಟು, ಆಲ್ಟರ್ನೇಟರ್ ನೋಡಿಸಿ. ಇಲ್ಲಿ ಗಾಡಿಯ ಯಾವ ಭಾಗವನ್ನೂ ಬಿಚ್ಚಿಲ್ಲ, ಎರಡು ಸಂಖ್ಯೆ ಓದಿದ್ದೇವೆ ಅಷ್ಟೇ. ಏಳನೆಯ ತರಗತಿಯ ಹುಡುಗಿ ಮಾಡಬಲ್ಲ ಕೆಲಸ ಇದು.

ಇನ್ನು ಇಂಜಿನು ಕುದಿಯುವುದು. ಉದಕಮಂಡಲದಲ್ಲಿ ಅನ್ನ ಬೇಯಲು ಹೆಚ್ಚು ಹೊತ್ತು ಬೇಕು ಎಂದು ನಮ್ಮ ತಾಯಂದಿರಿಗೆ ಗೊತ್ತು. ಅಲ್ಲಿ, ಸುಮಾರು 2240 ಮೀಟರ್ ಎತ್ತರದಲ್ಲಿ, ನೀರು 100 ಡಿಗ್ರಿಗೆ ಕಾಯುವುದೇ ಇಲ್ಲ. 93ರ ಆಸುಪಾಸಿನಲ್ಲೇ ಕುದಿಯುತ್ತದೆ. ಆದ್ದರಿಂದಲೇ ಕುಕ್ಕರು ಬೇಕು. ರೇಡಿಯೇಟರಿನ ಮುಚ್ಚಳವೂ ಕುಕ್ಕರಿನ ಮುಚ್ಚಳದಂತೆಯೇ. ಒಳಗೆ ಒತ್ತಡ ಕಟ್ಟಿ, ನೀರು ಕುದಿಯುವ ಮಟ್ಟವನ್ನು ಸುಮಾರು 20 ಡಿಗ್ರಿ ಮೇಲಕ್ಕೇರಿಸುತ್ತದೆ. ಮುಚ್ಚಳದ ರಬ್ಬರು ಹರಿದಿದ್ದರೆ ಒತ್ತಡ ನಿಲ್ಲದು, ಗಾಡಿ ಗುಡ್ಡ ಹತ್ತುವಾಗ ಬೇಗ ಕುದಿಯುತ್ತದೆ. ಬಿಸಿಯಿರುವಾಗ ಆ ಮುಚ್ಚಳ ತೆಗೆದರೆ ಏನಾಗುತ್ತದೆ ಎಂಬುದನ್ನು ಕುಕ್ಕರ್ ಇಟ್ಟ ಯಾವ ಹೆಂಗಸಿಗೂ ಹೇಳಬೇಕಾಗಿಲ್ಲ. ಗಂಡಸರಿಗೆ ಹೇಳಬೇಕಾಗಿದೆ. ಮುಖ ಸುಟ್ಟುಕೊಳ್ಳುವವರು ಅವರೇ.

ಕಾಯಿಸುವಿಕೆಗೆ ಕಾರಣ ಹುಡುಕುವಾಗ ಅಗ್ಗದ್ದರಿಂದ ಆರಂಭಿಸಿ. ನೀರು ಸಾಕಷ್ಟಿದೆಯೇ? ಹೋಸ್ ಪೈಪು ಒಸರುತ್ತಿದೆಯೇ? ಬೆಲ್ಟು ಬಿಗಿಯಾಗಿದೆಯೇ? ಫ್ಯಾನು ತಿರುಗುತ್ತಿದೆಯೇ? ರೇಡಿಯೇಟರಿನ ಮುಂದೆ ಎಲೆ, ಕೆಸರು ಕಟ್ಟಿಕೊಂಡಿದೆಯೇ? ತೋಟದ ರಸ್ತೆಯಲ್ಲಿ ಓಡುವ ಗಾಡಿಗೆ ಈ ಕೊನೆಯದೇ ಅನೇಕ ಬಾರಿ ಕಾರಣ. ಅದಕ್ಕೆ ಬೇಕಾದ ಔಷಧಿ ಒಂದು ಬಕೆಟ್ಟು ನೀರು. ಆದರೆ ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ, ಅಥವಾ ಬಿಳಿ ಹೊಗೆ ನಿಲ್ಲದೆ ಬಂದು ರೇಡಿಯೇಟರಿನ ನೀರು ಸುಮ್ಮಸುಮ್ಮನೆ ಕಡಮೆಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ. ಮುಂದೆ ಓಡಿಸಬೇಡಿ, ವರ್ಕ್‌ಶಾಪಿಗೆ ಕೊಂಡೊಯ್ಯಿರಿ. ಹೊಗೆಯ ಬಣ್ಣವೇ ಅರ್ಧ ಕಥೆ ಹೇಳುತ್ತದೆ. ನೀಲಿಯಾದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ದಟ್ಟ ಕಪ್ಪಾದರೆ ಎಣ್ಣೆ ಹೆಚ್ಚಾಗಿದೆ ಅಥವಾ ಗಾಳಿ ಸಾಲದು. ಏರ್ ಫಿಲ್ಟರ್ ತೆಗೆದು ಧೂಳು ಕೊಡವಿ ನೋಡಿ.

ಹಳಬರು ಒಂದು ಮಾತು ಹೇಳುತ್ತಾರೆ: ಅಂಬಾಸಿಡರ್ ಕಾಲದಲ್ಲಿ ಎಲ್ಲವನ್ನೂ ನಾವೇ ಸರಿಮಾಡುತ್ತಿದ್ದೆವು, ಈಗಿನ ಗಾಡಿ ಕಂಪ್ಯೂಟರು, ಕೈ ಹಾಕುವಂತಿಲ್ಲ ಎಂದು. ಅರ್ಧ ನಿಜ. ಘಾಟಿ ಹತ್ತುವಾಗ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಗಾಡಿ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಆ ವಿದ್ಯೆ ಇಂದಿನ ಇಂಜೆಕ್ಷನ್ ಗಾಡಿಗೆ ಬೇಡ. ಅಂಬಾಸಿಡರಿನ ತಯಾರಿಕೆಯೇ 2014ರಲ್ಲಿ ನಿಂತಿತು. ಆದರೆ ಕಂಪ್ಯೂಟರು ಇರುವ ಗಾಡಿ ತನ್ನ ಕಾಯಿಲೆಯನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ! ಸ್ಟಿಯರಿಂಗಿನ ಕೆಳಗೆ ಇರುವ ಸಾಕೆಟ್ಟಿಗೆ ಸಿಕ್ಕಿಸುವ ಪುಟ್ಟ ಓದುಗ ಯಂತ್ರ ಅಗ್ಗವಾಗಿಯೇ ಸಿಗುತ್ತದೆ. ಮೊಬೈಲಿನಲ್ಲಿ ಕೋಡು ತೋರಿಸುತ್ತದೆ. ಕೋಡು ಎಂದರೆ ಯಾವ ಕಡೆ ಹುಡುಕಬೇಕೆಂಬ ಸೂಚನೆ, ಯಾವ ಸಾಮಾನು ಕೊಳ್ಳಬೇಕೆಂಬ ಚೀಟಿಯಲ್ಲ. ಸೆನ್ಸರಿನ ಹೆಸರು ಬಂತೆಂದು ಸೆನ್ಸರ್ ಕೊಂಡು ತಂದು, ಕೊನೆಗೆ ಇಲಿ ಕಡಿದ ವೈರು ಕಂಡುಹಿಡಿಯುವುದು ಬೇಡ. ಮತ್ತೊಂದು ಎಚ್ಚರಿಕೆ: ಹೊಸ ತರದ ಡೀಸೆಲ್ ಇಂಜಿನುಗಳಲ್ಲಿ ಎಣ್ಣೆ ಸಾವಿರ ಬಾರಿಗೂ ಮೀರಿದ ಒತ್ತಡದಲ್ಲಿ ಹರಿಯುತ್ತದೆ. ಹಳೆಯ ಜೀಪಿನಂತೆ ಅದರ ಉಕ್ಕಿನ ಪೈಪನ್ನು ಸಡಿಲಿಸಿದರೆ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಅದನ್ನು ಮುಟ್ಟಲೇಬೇಡಿ.

ಈಗ ಬ್ರೇಕಿನ ವಿಷಯ. ನಾನು ಇಷ್ಟೆಲ್ಲ ಬರೆದದ್ದೂ ಇದಕ್ಕಾಗಿಯೇ.

ಉದಕಮಂಡಲದಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳು. ವಯನಾಡಿನಿಂದ ಇಳಿಯುವ ತಾಮರಶ್ಶೇರಿ ಚುರದಲ್ಲಿ 9. ಇಂಥ ಇಳಿಜಾರಿನಲ್ಲಿ ಕಾಲನ್ನು ಬ್ರೇಕಿನ ಮೇಲೆಯೇ ಇಟ್ಟುಕೊಂಡು ಇಳಿದರೆ ಗಾಡಿಯ ಭಾರವೆಲ್ಲ ಶಾಖವಾಗಿ ಬ್ರೇಕಿಗೆ ಇಳಿಯುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಉಪ್ಪಿನಂತೆ ಹೀರುವ ವಸ್ತು. ಡಾಟ್ 3 ಎಂಬ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಅದೇ ಆಯಿಲಿನ ಕನಿಷ್ಠ ಮಟ್ಟ 140. ಡಾಟ್ 4 ಆದರೆ 230 ಮತ್ತು 155. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಪೆಡಲು ಒತ್ತಿದರೆ ಗುಳ್ಳೆ ಅಮುಕುತ್ತದೆಯೇ ಹೊರತು ಚಕ್ರ ನಿಲ್ಲುವುದಿಲ್ಲ. ಡ್ರೈವರು “ಬ್ರೇಕು ಸಿಗಲಿಲ್ಲ” ಎಂದಾಗ ಅನೇಕ ಸಲ ನಡೆದಿರುವುದು ಇದು. ತಣ್ಣಗಾದ ಮೇಲೆ ನೋಡಿದರೆ ಬ್ರೇಕು ಸರಿಯಾಗಿಯೇ ಇರುತ್ತದೆ! ನಮ್ಮ ಮೂರು ತಿಂಗಳ ಮಳೆ, ಮಂಜಿನ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸದ ಗಾಡಿಯಲ್ಲಿ ನಾನು ಜನರನ್ನು ಕೂರಿಸಲಾರೆ. ಅದಕ್ಕೆ ತಗಲುವ ವೆಚ್ಚ ಒಂದು ಟೈರಿನ ವೆಚ್ಚಕ್ಕಿಂತ ಕಡಮೆ.

ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂಬ ಹಳೆಯ ನಿಯಮ ಸರಿಯಾದದ್ದು. ಎಣ್ಣೆ ಉಳಿಸಲೆಂದು ನ್ಯೂಟ್ರಲ್ ಮಾಡಿ, ಇಂಜಿನು ಆಫ್ ಮಾಡಿ ಇಳಿಸುವ ಜಾಣತನವನ್ನು ನಾನು ಕೊಲೆಗೆ ಸಮಾನವೆಂದೇ ಎಣಿಸುತ್ತೇನೆ. ಇಂಜಿನು ನಿಂತರೆ ಬ್ರೇಕಿಗೆ ಬಲ ಕೊಡುವ ಬೂಸ್ಟರು ಒಂದೆರಡು ಒತ್ತಿಗೆ ಮಾತ್ರ ಉಳಿಯುತ್ತದೆ; ಆಮೇಲೆ ಪೆಡಲು ಕಲ್ಲಾಗುತ್ತದೆ. ಕೀಲಿ ತೆಗೆದರೆ ಸ್ಟಿಯರಿಂಗೂ ಬಿಗಿದುಕೊಳ್ಳಬಹುದು.

ಬ್ರೇಕಿನ ರಿಪೇರಿ ಮನೆಯಲ್ಲಿ ಮಾಡಿ ಎಂದು ನಾನು ಹೇಳುವುದಿಲ್ಲ. ಅದು ಕಲಿತವನ ಕೆಲಸ, ಅವನಿಗೆ ಸಲ್ಲುವ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಿ. ಆದರೆ ಪರೀಕ್ಷೆ ಮನೆಯಲ್ಲೇ ಆಗಬೇಕು, ವಾರಕ್ಕೊಮ್ಮೆ ಆಗಬೇಕು. ಇಂಜಿನು ಆಫ್ ಇರುವಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿಹಿಡಿದೇ ಸ್ಟಾರ್ಟ್ ಮಾಡಿ. ಪೆಡಲು ಸ್ವಲ್ಪ ಕೆಳಗಿಳಿದರೆ ಬೂಸ್ಟರು ಕೆಲಸ ಮಾಡುತ್ತಿದೆ. ಹಾಗೆಯೇ ಅರ್ಧ ನಿಮಿಷ ಒತ್ತಿಹಿಡಿಯಿರಿ. ಮೆಲ್ಲಗೆ ನೆಲದ ಕಡೆ ಜಾರುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಗಾಳಿ ಸೇರಿದೆ. ಚಕ್ರದ ಒಳಬದಿಯಲ್ಲಿ ಒದ್ದೆ ಇದೆಯೇ ಎಂದು ಟಾರ್ಚು ಹಾಕಿ ನೋಡಿ. ಬ್ರೇಕ್ ಹಾಕಿದಾಗ ಗಾಡಿ ಒಂದು ಬದಿಗೆ ಎಳೆದರೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂದರೆ, ಆ ದಿನ ಗಾಡಿ ಹೊರಡಬಾರದು.

ಹಿಂದೆ ಕೂತವರಿಗೂ ಕೆಲಸವಿದೆ. ಇಳಿಜಾರಿನಲ್ಲಿ ಸುಟ್ಟ ವಾಸನೆ ಬಂದರೆ ಡ್ರೈವರನ್ನು ಕೂಗಿ ನಿಲ್ಲಿಸಿ. “ಅಣ್ಣಾ, ಬ್ರೇಕು ಸುಡುತ್ತಿದೆ, ಅರ್ಧ ಗಂಟೆ ಆರಲಿ” ಎನ್ನಲು ಅಂಜಬೇಡಿ. ಹಾಜರಿಗೆ ತಡವಾದರೆ ಮೇಸ್ತ್ರಿ ಬೈಯುತ್ತಾನೆ ಎನ್ನುವಿರಿ, ಬೈಯಲಿ. ಬಿಸಿ ಡ್ರಮ್ಮಿಗೆ ನೀರು ಹೊಯ್ಯುವುದು ಮಾತ್ರ ಬೇಡ, ಸೀಳುತ್ತದೆ. ಡ್ರೈವರು ಅಣ್ಣಂದಿರಿಗೆ ಒಂದು ಮಾತು: ಪೆಡಲು ಸಿಗದಿದ್ದರೆ ಬೇಗ ಬೇಗ ಹಲವು ಸಲ ಒತ್ತಿ, ಒಂದೊಂದೇ ಗೇರು ಇಳಿಸಿ, ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಎಳೆಯದೆ ಸ್ವಲ್ಪ ಸ್ವಲ್ಪವಾಗಿ ಎಳೆಯಿರಿ, ಗಾಡಿಯನ್ನು ಗುಡ್ಡದ ಬದಿಗೆ ಒರಸಿ. ಬಾಡಿ ಹಾಳಾಗಲಿ.

ಮನೆಯಲ್ಲಿ ಕೆಲಸ ಮಾಡುವವರು ಇನ್ನೊಂದು ಅಪಾಯ ತಿಳಿದಿರಬೇಕು. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ನುಗ್ಗಬೇಡಿ. ಪಾಡಿಯ ಅಂಗಳ ಮಣ್ಣಿನದು, ಇಳಿಜಾರಿನದು. ಜಾಕು ಜಾರಲು ಒಂದು ಮಳೆ ಸಾಕು. ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿನ ಕೆಳಗೆ ದಪ್ಪ ಹಲಗೆ ಇಟ್ಟು, ಗಾಡಿಯನ್ನು ಉಕ್ಕಿನ ಸ್ಟ್ಯಾಂಡಿನ ಮೇಲೆ ಕೂರಿಸಿದ ಮೇಲೆಯೇ ಕೆಳಗೆ ಹೋಗಿ. ಇಟ್ಟಿಗೆ ಒಡೆಯುತ್ತದೆ, ನಂಬಬೇಡಿ. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವ ಅಭ್ಯಾಸವನ್ನೂ ಬಿಡಿ. ಫ್ಯೂಸು ಉಳಿಸಿದ ಹತ್ತು ರೂಪಾಯಿಗೆ ಗಾಡಿಯೇ ಹತ್ತಿಕೊಂಡೀತು.

ಒಬ್ಬೊಬ್ಬರೇ ಇಷ್ಟೆಲ್ಲ ಸಾಮಾನು ಕೊಳ್ಳಲು ಆಗುವುದಿಲ್ಲ ಎಂಬುದು ನನಗೆ ಗೊತ್ತು. ಆದುದರಿಂದ ಒಂದು ಸೂಚನೆ. ಪ್ರತಿ ಡಿವಿಷನ್ನಿನಲ್ಲಿ ಗಾಡಿ ಇರುವ ಮನೆಯವರು ಕೂಡಿ ಒಂದು ಪೆಟ್ಟಿಗೆ ಇಡಲಿ. ಸ್ಪಾನರ್ ಸೆಟ್ಟು, ಮಲ್ಟಿಮೀಟರು, ಕೋಡು ಓದುವ ಯಂತ್ರ, ಎರಡು ಸ್ಟ್ಯಾಂಡು, ಒಳ್ಳೆಯ ಜಾಕು, ಟೈರಿನ ಗಾಳಿ ಅಳೆಯುವ ಮೀಟರು, ಜಂಪ್ ಕೇಬಲ್ಲು. ಬೀಗದ ಕೈ ಡ್ರೈವರುಗಳ ಬಳಿ ಬೇಡ, ಬಾಲವಾಡಿಯ ಟೀಚರಮ್ಮನ ಬಳಿ ಇರಲಿ. ಕೊಟ್ಟದ್ದು, ಹಿಂದಿರುಗಿದ್ದು ಅವರು ಬರೆದಿಡುತ್ತಾರೆ. ಐ.ಟಿ.ಐ.ಯಲ್ಲಿ ಮೋಟಾರು ಮೆಕ್ಯಾನಿಕ್ ಕಲಿಯುತ್ತಿರುವ ಹುಡುಗರು ಹಲವು ಪಾಡಿಗಳಲ್ಲಿದ್ದಾರೆ. ಭಾನುವಾರ ಮಧ್ಯಾಹ್ನ ಅವರು ಒಂದು ಗಂಟೆ ಕಲಿಸಲಿ, ಊಟ ನಾವು ಹಾಕೋಣ. ವರ್ಕ್‌ಶಾಪಿನಲ್ಲಿ ತಮಿಳು, ಮಲಯಾಳದ ಮಾತೇ ನಡೆಯುವುದರಿಂದ ನಮ್ಮ ಹೆಂಗಸರು ಹಿಂಜರಿಯುತ್ತಾರೆ. ಪಾಡಿಯಲ್ಲಾದರೆ ಕನ್ನಡದಲ್ಲೇ ಕೇಳಬಹುದು. ಪ್ರತಿ ಗಾಡಿಗೂ ಒಂದು ನೋಟುಪುಸ್ತಕ ಇರಲಿ, ಕನ್ನಡದಲ್ಲಿಯೇ: ತಾರೀಕು, ಎಷ್ಟು ಕಿಲೋಮೀಟರು, ಏನು ಬದಲಾಯಿಸಿದ್ದು, ಎಷ್ಟು ಕೊಟ್ಟದ್ದು. ಮೊದಲ ಪುಟದಲ್ಲಿ ಬ್ರೇಕ್ ಆಯಿಲ್ ಬದಲಾಯಿಸಿದ ತಾರೀಕು ಬರೆಯಿರಿ. ಆ ತಾರೀಕು ಯಾರಿಗೂ ನೆನಪಿಲ್ಲದಿದ್ದರೆ ಇದೇ ವಾರ ಗಾಡಿಯನ್ನು ವರ್ಕ್‌ಶಾಪಿಗೆ ಕಳುಹಿಸಿ.