ಶಾಲು ಹೊದಿಸುವ ಮುಂಚೆ

ನಮ್ಮ ತಾಲೂಕಿನಲ್ಲಿ ಸನ್ಮಾನದ ಸುಗ್ಗಿ ನಡೆದಿದೆ. ಮಳೆ ಕೈಕೊಟ್ಟು ರಾಗಿ ಒಣಗಿದ ವರ್ಷವೂ ಈ ಬೆಳೆಗೆ ಮಾತ್ರ ಬರ ಇಲ್ಲ. ಏಪ್ರಿಲ್ ಬಂತೆಂದರೆ ಸಾಕು, ಶಾಲು, ಮೈಸೂರು ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿ. ದೀನದಲಿತರ ಆಶಾಕಿರಣ, ಬಡಮಕ್ಕಳ ಬಂಧು, ಶಿಕ್ಷಣ ದಾಸೋಹಿ. ಬಿರುದು ಕೊಡುವವರೂ ಅವರೇ, ಹೊದೆಯುವವರೂ ಅವರೇ. ಕೆಳಗೆ ಕೂತು ಚಪ್ಪಾಳೆ ತಟ್ಟೋಕೆ ಮಾತ್ರ ನಾವು ಬೇಕು.

ಹೋದ ಏಪ್ರಿಲ್ಲಿನಲ್ಲಿ ಅಂಥದೊಂದು ಸಭೆಗೆ ನಮ್ಮನ್ನೂ ಕರೆದರು. ನಾವು ಅಂದರೆ ಹಾಸ್ಟೆಲಿನ ಅನ್ನ ಉಂಡು ಬಿ.ಎ., ಬಿ.ಕಾಂ. ಮುಗಿಸಿದ ಏಳು ಜನ. ನಮ್ಮ ಮನೆಗಳಲ್ಲಿ ನಮಗಿಂತ ಹಿಂದಿನವರೆಲ್ಲ ಹೆಬ್ಬೆಟ್ಟು ಒತ್ತಿದವರೇ. ಸನ್ಮಾನ ನಡೆದದ್ದು ಒಬ್ಬ ದೊಡ್ಡ ಹಿಡುವಳಿಯ ಯಜಮಾನರಿಗೆ. ಅವರು ಹತ್ತಾರು ವರ್ಷದಿಂದ ಹಾಸ್ಟೆಲ್ ಹುಡುಗರಿಗೆ ನೋಟ್‌ಬುಕ್ ಹಂಚುತ್ತಾ ಬಂದಿದ್ದಾರೆ. ತಲಾ ಆರು. ರಟ್ಟಿನ ಮೇಲೆ ಅವರದೇ ಫೋಟೋ. ಆ ಪುಸ್ತಕಗಳಲ್ಲಿ ನಾವು ಲೆಕ್ಕ ಮಾಡಿದ್ದೇವೆ, ಸುಳ್ಳು ಯಾಕೆ ಹೇಳಬೇಕು. ಆ ಫೋಟೋಗೆ ಕೊಂಬು, ಮೀಸೆ ಬರೆದವರೂ ನಾವೇ. ಈಗ ವೇದಿಕೆ ಹತ್ತಿ ಸಾಲಾಗಿ ನಿಂತು, ಇವರಿಂದಲೇ ನಾವು ಮೇಲೆ ಬಂದೆವು ಅಂತ ನಾಲ್ಕು ಮಾತು ಹೇಳಬೇಕು ಅಂದರು.

ನಮ್ಮಲ್ಲೊಬ್ಬನ ಅಪ್ಪ ಆ ಯಜಮಾನರ ತೋಟದಲ್ಲೇ ಇಪ್ಪತ್ತು ವರ್ಷ ಕೂಲಿ ಮಾಡಿದವನು. ಅವನಿಗೆ ಟೀ ಕೊಡುವ ಲೋಟ ಈಗಲೂ ದನದ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿದೆ. ಕುಡಿದಾದ ಮೇಲೆ ಅವನೇ ತೊಳೆದು ಅಲ್ಲೇ ಸಿಕ್ಕಿಸಬೇಕು. ಮಗನ ಕೈಗೆ ನೋಟ್‌ಬುಕ್ಕು, ಅಪ್ಪನ ಕೈಗೆ ಆ ಲೋಟ. ಎರಡನ್ನೂ ಕೊಟ್ಟ ಮನೆ ಒಂದೇ.

ಅವತ್ತು ನಾವು ಏನನ್ನೂ ಹೇಳಲಿಲ್ಲ. ಬಾಯಿ ಒಣಗಿತ್ತು. ಮೈಕಿನ ಮುಂದೆ ನಿಂತು ನಮಸ್ಕಾರ ಅಂದು ಇಳಿದು ಬಂದೆವು. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇವೆ.

ಇಳಿದು ಬಂದಾಗ ಬಾಗಿಲ ಹತ್ತಿರ, ಚಪ್ಪಲಿ ರಾಶಿಯ ಪಕ್ಕ ನಮ್ಮ ಹಾಸ್ಟೆಲಿನ ಅಡುಗೆಯಕ್ಕ ನಿಂತಿದ್ದರು. ಕುರ್ಚಿ ತುಂಬಿಸೋಕೆ ಹಾಸ್ಟೆಲ್ ಮಕ್ಕಳನ್ನು ಕರೆತಂದಿದ್ದರಲ್ಲ, ಅವರನ್ನು ಕಾಯೋಕೆ ಈಕೆ. ನಮ್ಮನ್ನು ನೋಡಿ ಮೊದಲು ಕೇಳಿದ್ದು, "ಏನ್ರಪ್ಪಾ, ಎಲ್ಲಾ ಹಿಂಗ್ ಸೊರಗೋಗಿದೀರಲ್ಲ, ಉಂಡ್ರಾ?"

ಈ ಅಕ್ಕ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಒಲೆ ಹಚ್ಚುವವರು. ನೂರು ಮಕ್ಕಳ ಮುದ್ದೆ ತೊಳಸಿ ತೊಳಸಿ ಬಲಗೈ ರಟ್ಟೆ ಮೇಲೆತ್ತೋಕೆ ಆಗೋದಿಲ್ಲ. (ಹಾಸ್ಟೆಲಿನಲ್ಲಿ ಅಡುಗೆ ಮಾಡುವವರು ಯಾವ ಜಾತಿಯ ಗಂಡಸೇ ಆಗಲಿ, ಅವರನ್ನು ಭಟ್ಟರು ಅಂತಲೇ ಕರೆಯುತ್ತಾರೆ. ಸೌಟಿಗೂ ಜನಿವಾರ ಹಾಕುವ ದೇಶ ಇದು.) ಹತ್ತನೇ ಕ್ಲಾಸಿನ ಪ್ರಿಪರೇಟರಿಯಲ್ಲಿ ಇಂಗ್ಲಿಷು, ಗಣಿತ ಎರಡೂ ಹೋದವನೊಬ್ಬ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟು ಟ್ರಂಕು ಕಟ್ಟಿದ. ವಾರ್ಡನ್ ಸಾಹೇಬರು, ಹೋಗಲಿ ಬಿಡು, ಒಂದು ತಟ್ಟೆ ಕಮ್ಮಿ ಆಯ್ತು ಅಂದರು. ಅಕ್ಕ ಬಂದು ಟ್ರಂಕಿನ ಮೇಲೆ ಕೂತರು. "ಎತ್ಕೊಂಡೋಗು ನೋಡೋಣ, ನನ್ನೂ ಸೇರಿಸಿ." ಅವನು ಕೂತ. ಓದಿದ. ಈ ಬರಹದಲ್ಲಿ ನಾವು ಅಂತ ಬರೆದಲ್ಲೆಲ್ಲ ಅವನೂ ಇದ್ದಾನೆ.

ಅವತ್ತು ಅಕ್ಕನಿಗೆ ಮೂರು ತಿಂಗಳ ಸಂಬಳ ಬಂದಿರಲಿಲ್ಲ. ಅವರು ಸರ್ಕಾರದ ನೌಕರರಲ್ಲ, ಹೊರಗುತ್ತಿಗೆಯವರು. ನಡುವೆ ಒಂದು ಏಜೆನ್ಸಿ ಇದೆ. ಕೇಳಿದರೆ ಏಜೆನ್ಸಿಯವನು ಬಿಲ್ಲು ಪಾಸಾಗಿಲ್ಲ ಅನ್ನುತ್ತಾನೆ, ಕಚೇರಿಯವರು ಏಜೆನ್ಸಿಯವನನ್ನೇ ಕೇಳು ಅನ್ನುತ್ತಾರೆ. ಒಳಗೆ ನಡೆಯುತ್ತಿದ್ದ ಸನ್ಮಾನದ ಪೆಂಡಾಲಿನ ಬಾಡಿಗೆಯಲ್ಲಿ ಆ ಮೂರು ತಿಂಗಳ ಸಂಬಳ ಕೊಟ್ಟು ಇನ್ನೂ ಮಿಗುತ್ತಿತ್ತು.

ನಾವು ಕೇಳುವುದಿಷ್ಟು. ಬಿದ್ದವನನ್ನು ಎತ್ತಿದವರನ್ನು ಗುರುತಿಸಬೇಕು ಅಂತೀರಿ. ಸರಿ, ಗುರುತಿಸೋಣ. ಆದರೆ ಗುರುತು ಯಾವುದು?

ಚರಿತ್ರೆಯಲ್ಲಿ ಆ ಗುರುತು ಸಿಗುತ್ತದೆ. ಪುಣೆಯನ್ನೇ ನೋಡಿ. 1848ರಲ್ಲಿ ಜೋತಿಬಾ ಫುಲೆ ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. ಪಾಠ ಹೇಳಲು ನಿಂತವರು ಸಾವಿತ್ರಿಬಾಯಿ. ಇನ್ನೂ ಇಪ್ಪತ್ತು ತುಂಬದ ಹುಡುಗಿ. ಜನರ ಬಾಯಿಗೆ ಹೆದರಿ ಜೋತಿಬಾರ ಅಪ್ಪ ಮಗ ಸೊಸೆ ಇಬ್ಬರನ್ನೂ ಮನೆಯಿಂದ ಆಚೆ ಕಳಿಸಿದರು. 1852ರ ನವೆಂಬರಿನಲ್ಲಿ ವಿಶ್ರಾಮಬಾಗ್ ವಾಡೆಯಲ್ಲಿ ಜೋತಿಬಾಗೆ ಶಾಲು ಹೊದಿಸಿ ಗೌರವಿಸಿದರು, ನಿಜ. ಆದರೆ ಹೊದಿಸಿದ್ದು ಪುಣೆಯ ಪೇಟೆಯಲ್ಲ, ಕಂಪನಿ ಸರ್ಕಾರ. ಪೇಟೆ ಕೊಟ್ಟದ್ದು ಬೇರೆ. ಸಾವಿತ್ರಿಬಾಯಿ ಶಾಲೆಗೆ ಹೋಗುವ ದಾರಿಯಲ್ಲಿ ಸಗಣಿ ಎರಚಿದರು, ಕೆಸರು ಎರಚಿದರು, ಕಲ್ಲು ತೂರಿದರು. ಆಕೆ ಕೈಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು. ಶಾಲೆ ಮುಟ್ಟಿದ ಮೇಲೆ ಹೊಲಸಾದ ಸೀರೆ ಬಿಚ್ಚಿ ಅದನ್ನು ಉಟ್ಟು ಪಾಠ ಶುರು ಮಾಡುತ್ತಿದ್ದರು. 1897ರಲ್ಲಿ ಪ್ಲೇಗು ಬಂದಾಗ ಮಹಾರರ ಕೇರಿಯ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ದವಾಖಾನೆಗೆ ತಂದರು. ಅದೇ ಪ್ಲೇಗು ಅವರನ್ನೂ ಕೊಂದಿತು. ಪುಣೆಯ ವಿಶ್ವವಿದ್ಯಾಲಯಕ್ಕೆ ಆಕೆಯ ಹೆಸರು ಬಂದದ್ದು 2014ರಲ್ಲಿ. ಸತ್ತು ನೂರಾ ಹದಿನೇಳು ವರ್ಷದ ಮೇಲೆ. ಅಷ್ಟು ಹೊತ್ತಿಗೆ ಆಕೆಯಿಂದ ಯಾರಿಗೂ ಅಪಾಯವಿಲ್ಲ ಅಂತ ಖಾತ್ರಿಯಾಗಿತ್ತು.

ಪುಣೆ ದೂರ ಆಯಿತು ಅನ್ನುವವರು ಮಂಗಳೂರಿಗೆ ಬನ್ನಿ. ಸಾವಿತ್ರಿಬಾಯಿ ತೀರಿಕೊಂಡ ಅದೇ 1897ರಲ್ಲಿ ಕುದ್ಮುಲ್ ರಂಗರಾವ್ ಅಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅದಕ್ಕೆ ಐದು ವರ್ಷ ಮುಂಚೆಯೇ ಉರ್ವ ಚಿಲಿಂಬಿಯಲ್ಲಿ ನಮ್ಮ ಮಕ್ಕಳಿಗೆ ಶಾಲೆ ತೆರೆದಿದ್ದರು. ಸಾರಸ್ವತ ಬ್ರಾಹ್ಮಣ, ವಕೀಲ. ಕಣ್ಣು ಮುಚ್ಚಿ ಕಕ್ಷಿದಾರರ ಕಾಸು ಎಣಿಸಿಕೊಂಡಿದ್ದರೆ ಊರಿನ ದೊಡ್ಡ ಮನುಷ್ಯರಾಗಿಯೇ ಸಾಯುತ್ತಿದ್ದರು. ಶಾಲೆ ತೆರೆದದ್ದಕ್ಕೆ ಅವರ ಜಾತಿಯೇ ಅವರನ್ನು ಹೊರಗಿಟ್ಟಿತು. ಕೇರಿಯ ಮಕ್ಕಳ ಜೊತೆ ಅವರೂ ಒಂದು ಬಗೆಯ ಅಸ್ಪೃಶ್ಯರಾದರು. ಹಿಂದೆ ಸರಿಯಲಿಲ್ಲ. ಶಾಲೆ, ಹಾಸ್ಟೆಲು, ಕೈಕಸುಬಿನ ತರಬೇತಿ, ಮನೆ ಕಟ್ಟಿಕೊಳ್ಳಲು ಜಾಗ ಅಂತ ಒಂದಾದ ಮೇಲೊಂದು ಮಾಡುತ್ತಾ ಹೋದರು. 1928ರಲ್ಲಿ ತೀರಿಕೊಂಡರು.

ಅವರ ಸಮಾಧಿಯ ಮೇಲೆ ಅವರದೊಂದು ಆಸೆಯನ್ನು ಕೆತ್ತಿದ್ದಾರೆ. ನನ್ನ ಶಾಲೆಯಲ್ಲಿ ಕಲಿತ ದಲಿತರ ಮಕ್ಕಳು ದೊಡ್ಡ ಕೆಲಸಕ್ಕೆ ಸೇರಿ ನಮ್ಮೂರ ಬೀದಿಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ನನ್ನ ತಲೆಗೆ ತಾಗಬೇಕು, ಆಗ ನನ್ನ ಜನ್ಮ ಸಾರ್ಥಕ ಎಂಬ ಅರ್ಥದ ಮಾತು ಅದು. ಗೆಳೆಯರೇ, ಈ ಮಾತಿನ ಮುಂದೆ ನಮ್ಮ ಯಜಮಾನರ ಆರು ನೋಟ್‌ಬುಕ್ಕು ಇಟ್ಟು ನೋಡಿ. ಆ ರಟ್ಟಿನ ಮೇಲಿನ ಫೋಟೋ ನಮ್ಮ ತಲೆಯ ಮೇಲೆ ಕೂರೋಕೆ ನೋಡುತ್ತದೆ. ರಂಗರಾವ್ ನಮ್ಮ ಚಕ್ರದ ಧೂಳನ್ನು ತಮ್ಮ ತಲೆಗೆ ಕೇಳಿದರು. ಇವತ್ತು ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ಒಳ್ಳೆಯದೇ. ಆದರೆ ಅವರು ಬದುಕಿದ್ದಾಗ ಬಾಗಿಲು ಮುಚ್ಚಿದ ಮನೆಗಳ ಲೆಕ್ಕ ಯಾವ ಭವನದ ಗೋಡೆಯ ಮೇಲೂ ಬರೆದಿಲ್ಲ.

ಇನ್ನೂ ಹತ್ತಿರ ಬನ್ನಿ. ನಮ್ಮ ತಾತಂದಿರ ತಲೆಯ ಮೇಲಿಂದ ಮಲದ ಬುಟ್ಟಿ ಇಳಿಸಿದ ಮಂತ್ರಿ ಬಿ. ಬಸವಲಿಂಗಪ್ಪ. ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದವರು. ಅವರಿಗೆ ಸಿಕ್ಕ ಪ್ರಶಸ್ತಿ ಯಾವುದು? 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದದ್ದೇ ನೆಪವಾಯಿತು. ಬೀದಿ ಬೀದಿಯಲ್ಲಿ ಗಲಾಟೆ, ಹಾಸ್ಟೆಲುಗಳಲ್ಲಿದ್ದ ನಮ್ಮ ಹುಡುಗರ ಮೇಲೆ ಹೊಡೆತ. ಮಂತ್ರಿ ಕುರ್ಚಿ ಹೋಯಿತು. ಬುಟ್ಟಿ ಇಳಿಸಿದ್ದಕ್ಕೆ ಒಳಗೊಳಗೇ ಕುದಿಯುತ್ತಿದ್ದವರಿಗೆ ಬೂಸಾ ಅನ್ನೋ ಮಾತು ಹಬ್ಬದೂಟವಾಗಿ ಒದಗಿತು ಅಂತಲೇ ನಮ್ಮ ನಂಬಿಕೆ. ಆ ಹೊಡೆತ ತಿಂದ ಹುಡುಗರ ಸಿಟ್ಟಿನಿಂದಲೇ ಮುಂದೆ ಸಂಘಟನೆ ಹುಟ್ಟಿತು, ಅದು ಬೇರೆ ಮಾತು.

ಹಾಗಾಗಿ ನಮ್ಮ ಅಳತೆಗೋಲು ಇದು. ಯಾರಿಗಾದರೂ ಶಾಲು ಹೊದಿಸುವ ಮುಂಚೆ ಅವರ ಬಟ್ಟೆಯ ಮೇಲೆ ಸಗಣಿಯ ಕಲೆ ಇದೆಯಾ ನೋಡಿ. ತಮ್ಮ ಜಾತಿಯವರಿಂದ, ತಮ್ಮ ಊರಿನವರಿಂದ, ತಮ್ಮ ಪಾರ್ಟಿಯವರಿಂದ ಒಂದು ಸಲವಾದರೂ ಬೈಸಿಕೊಂಡಿದ್ದಾರಾ ಕೇಳಿ. ಗೋಡೆಗೆ ಕೈ ಹಾಕಿದವನ ಕೈ ತರಚದೆ ಇರೋದಿಲ್ಲ. ಕೈ ನುಣ್ಣಗಿದ್ದರೆ ಅವನು ಗೋಡೆಗೆ ಸುಣ್ಣ ಬಳಿದಿದ್ದಾನೆ ಅಷ್ಟೇ.

ಇದಕ್ಕೊಂದು ವಾದ ಇದೆ. ನಮ್ಮ ಮೇಷ್ಟ್ರೊಬ್ಬರೇ ಹೇಳಿದರು. "ಏನೋಪ್ಪ, ನೋಟ್‌ಬುಕ್ಕಾದ್ರೂ ಕೊಟ್ರಲ್ಲ. ಕೊಡದೆ ಇರೋರಿಗಿಂತ ವಾಸಿ ಅಲ್ವಾ? ಸನ್ಮಾನ ಮಾಡಿದ್ರೆ ಇನ್ನೂ ನಾಕು ಜನ ಕೊಡ್ತಾರೆ." ಮೇಷ್ಟ್ರು ಒಳ್ಳೆಯವರು, ಮಾತು ತಳ್ಳಿಹಾಕುವಂಥದ್ದಲ್ಲ. ಹಸಿದವನಿಗೆ ಅನ್ನ ಕೊಟ್ಟವನ ಚರಿತ್ರೆ ಯಾಕೆ ಕೆದಕಬೇಕು ಅಂತ ನಮಗೂ ಒಂದೊಂದು ಸಲ ಅನ್ನಿಸುತ್ತದೆ.

ಆದರೆ ಕೊಡುಗೆಯಿಂದಲೇ ಗೋಡೆ ಬೀಳುವುದಿಲ್ಲ ಅನ್ನೋದಕ್ಕೆ ಬಾಬಾಸಾಹೇಬರ ಬದುಕೇ ಸಾಕ್ಷಿ. ಬರೋಡೆಯ ಸಯಾಜಿರಾವ್ ಗಾಯಕವಾಡರು 1913ರಲ್ಲಿ ವಿದ್ಯಾರ್ಥಿವೇತನ ಕೊಟ್ಟು ಅವರನ್ನು ಅಮೆರಿಕದ ಕೊಲಂಬಿಯಾಕ್ಕೆ ಕಳಿಸಿದರು. ದೊಡ್ಡ ಉಪಕಾರ, ಇಲ್ಲ ಅನ್ನೋದಿಲ್ಲ. ಅಷ್ಟು ಓದಿಕೊಂಡು 1917ರಲ್ಲಿ ಅದೇ ಮಹಾರಾಜರ ಕಚೇರಿಗೆ ಕೆಲಸಕ್ಕೆ ಬಂದರೆ ಜವಾನರು ಫೈಲುಗಳನ್ನು ದೂರದಿಂದ ಎಸೆದರು. ಊರಿನಲ್ಲಿ ಬಾಡಿಗೆಗೆ ಮನೆ ಸಿಗಲಿಲ್ಲ. ಹೆಸರು ಮರೆಸಿ ಉಳಿದ ಪಾರ್ಸಿ ಛತ್ರದಿಂದ ದೊಣ್ಣೆ ಹಿಡಿದು ಓಡಿಸಿದರು. ರಾಜನ ಬೊಕ್ಕಸಕ್ಕೆ ಅಮೆರಿಕದ ದಾರಿ ಗೊತ್ತಿತ್ತು, ತನ್ನ ಊರಿನ ಛತ್ರದ ಬಾಗಿಲು ತೆರೆಸುವ ದಾರಿ ಗೊತ್ತಿರಲಿಲ್ಲ. ಬಾಬಾಸಾಹೇಬರು ಆಮೇಲೆ ಮಾಡಿದ್ದೇನು? ತಮ್ಮಂಥ ಒಬ್ಬೊಬ್ಬನೂ ರಾಜರ ದಯೆಗೆ ಕಾಯದ ಹಾಗೆ ಮಾಡಿದರು. ಅವರು ವೈಸರಾಯ್ ಮಂಡಲಿಯಲ್ಲಿದ್ದಾಗ, 1944ರಲ್ಲಿ, ಪರಿಶಿಷ್ಟ ಜಾತಿಯ ಮಕ್ಕಳಿಗೆ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಶುರುವಾಯಿತು. ನಾವು ಏಳೂ ಜನ ಡಿಗ್ರಿ ಓದಿದ್ದು ಆ ಯೋಜನೆಯ ಹಣದಲ್ಲಿ. ಅದರ ಅರ್ಜಿಯ ಮೇಲೆ ಯಾರ ಫೋಟೋವೂ ಇರಲಿಲ್ಲ. ನಮ್ಮದೇ ಇತ್ತು.

ಹಕ್ಕಿಗೂ ದಾನಕ್ಕೂ ಇರೋ ವ್ಯತ್ಯಾಸ ಅಷ್ಟೇ. ಆ ವಿದ್ಯಾರ್ಥಿವೇತನ ಆರು ತಿಂಗಳು ತಡವಾದಾಗ, ಅನ್ನದಲ್ಲಿ ಹುಳ ಬಂದಾಗ, ತಟ್ಟೆ ಹಿಡಿದುಕೊಂಡು ತಾಲೂಕು ಕಚೇರಿ ಮುಂದೆ ಕೂತ ಸಂಘಟನೆಯ ಅಣ್ಣಂದಿರನ್ನು ಯಾವ ಟ್ರಸ್ಟು ಕರೆದು ಪೇಟ ತೊಡಿಸಿತು? ಅವರ ಮೇಲೆ ಕೇಸು ಬಿತ್ತು. ಇಬ್ಬರು ಇನ್ನೂ ವಾಯಿದೆಗೆ ಅಲೆಯುತ್ತಿದ್ದಾರೆ.

ನಮ್ಮವರ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ಈ ಬರಹಕ್ಕೆ ಮರ್ಯಾದೆ ಇಲ್ಲ. ರಂಗರಾವ್ ಆಸೆಪಟ್ಟ ಕಾರು ಬಂದಿದೆ. ಕೆಂಪು ದೀಪದ ಕಾಲವೂ ಬಂದು ಹೋಯಿತು. ಧೂಳೂ ಎದ್ದಿದೆ. ಆದರೆ ಆ ಕಾರು ಹೈವೇಯಿಂದ ಕೇರಿಯ ಕಡೆ ತಿರುಗುವುದು ಎಷ್ಟು ಸಲ? ಓದಿದವರು ನನಗೆ ಮೋಸ ಮಾಡಿದರು ಅಂತ ಬಾಬಾಸಾಹೇಬರು 1956ರಲ್ಲಿ ಆಗ್ರಾದಲ್ಲಿ ನೊಂದು ನುಡಿದರು. ಇವತ್ತು ನಮ್ಮ ಅಧಿಕಾರಿಗಳ ಸಂಘಗಳೂ ಸನ್ಮಾನ ಮಾಡುತ್ತವೆ. ಶಾಲು ಅದೇ ಅಂಗಡಿಯದು. ಬಡ್ತಿ ಸಿಕ್ಕವರಿಗೆ, ನಿವೃತ್ತರಾದವರಿಗೆ, ಮಗ ಡಾಕ್ಟರಾದವರಿಗೆ. ಕೇರಿಯ ಬೀದಿದೀಪದ ಕೆಳಗೆ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಮಗ್ಗಿ ಹೇಳಿಸುವ ಪಿಯುಸಿ ಫೇಲಾದ ಹುಡುಗಿಯನ್ನು ಆ ಪಟ್ಟಿಯಲ್ಲಿ ನಾವು ಕಂಡಿಲ್ಲ. ನಾಳೆ ಕೆಲಸ ಸಿಕ್ಕ ಮೇಲೆ ನಾವು ಏಳು ಜನವೂ ಹಾಗೇ ಆಗಬಹುದು. ಆಗ ಈ ಸಂಚಿಕೆಯನ್ನು ನಮ್ಮ ಮುಖಕ್ಕೆ ಹಿಡಿಯಿರಿ.

ಈಗ ಕೆಲಸದ ಮಾತು. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಬಿಡಬೇಕೆಂದು ಸಂಪಾದಕರನ್ನು ಕೇಳಿದ್ದೇವೆ, ಒಪ್ಪಿದ್ದಾರೆ. ನಿಮ್ಮ ಊರಿನಲ್ಲಿ ಒಬ್ಬರ ಓದು ನಿಲ್ಲದಂತೆ ಟ್ರಂಕಿನ ಮೇಲೆ ಕೂತವರು ಯಾರು, ಅದಕ್ಕೆ ಅವರು ತೆತ್ತದ್ದೇನು, ಬರೆದು ಕಳಿಸಿ. ಬಡ್ತಿಗೆ ಕಾಯದೆ ಹಾಜರಾತಿ ಪುಸ್ತಕ ಹಿಡಿದು ಕೇರಿಗೆ ಬಂದ ಮೇಷ್ಟ್ರು ಇರಬಹುದು, ಫೀಜಿಗೆ ಮೂಗುಬೊಟ್ಟು ಅಡವಿಟ್ಟ ಪಕ್ಕದ ಮನೆ ಅತ್ತೆ ಇರಬಹುದು. ಮೇಲ್ಜಾತಿಯವರಿದ್ದರೂ ಬರೆಯಿರಿ, ರಂಗರಾವ್ ಅವರನ್ನು ಹೆಸರಿಸಿದ ನಾವು ಅದಕ್ಕೆ ಹಿಂಜರಿಯುವುದಿಲ್ಲ. ಅವರ ಒಪ್ಪಿಗೆ ಕೇಳಿ ಬರೆಯಿರಿ. ಫೋಟೋ ಬೇಡ.

ಅಡುಗೆಯಕ್ಕನ ಬಾಕಿ ಸಂಬಳದ ಅರ್ಜಿ ತಯಾರಾಗಿದೆ. ಜೊತೆಗೆ ತಾಲೂಕಿನ ಇನ್ನೂ ಹನ್ನೊಂದು ಜನ ಹಾಸ್ಟೆಲ್ ಅಡುಗೆಯವರು ಸೇರಿದ್ದಾರೆ. ಅಕ್ಕ ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಹಾಕಿದರು. ಐದನೇ ಕ್ಲಾಸಿನ ಹುಡುಗನೊಬ್ಬ ರಾತ್ರಿ ಪಾತ್ರೆ ತೊಳೆಯುವ ಹೊತ್ತಿನಲ್ಲಿ ಕಲಿಸಿದ್ದಂತೆ. ಮುಂದಿನ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಅರ್ಜಿ ಹಿಡಿದು ತಾಲೂಕು ಕಚೇರಿ ಮುಂದೆ ಕೂರುತ್ತೇವೆ. ಬರುವವರು ಬುತ್ತಿ ಕಟ್ಟಿಕೊಂಡು ಬನ್ನಿ, ಸಂಜೆಯವರೆಗೂ ಆಗಬಹುದು.