ಆಟೋರಿಕ್ಷಾಕ್ಕಿರುವ ಕಟ್ಟಳೆ ಆಂಬುಲೆನ್ಸಿಗೆ ಏಕಿಲ್ಲ?

ನಗರದಲ್ಲಿ ಬಾಡಿಗೆಗೆ ಓಡುವ ಆಟೋರಿಕ್ಷಾಕ್ಕೆ ಪರ್ಮಿಟ್ ಬೇಕು. ಅದರ ದರವನ್ನು ಸಾರಿಗೆ ಪ್ರಾಧಿಕಾರವು ಗೊತ್ತುಪಡಿಸುತ್ತದೆ. ಆದರೆ ಸಾವು ಬದುಕಿನ ನಡುವೆ ಇರುವವರನ್ನು ಹೊತ್ತೊಯ್ಯುವ ಆಂಬುಲೆನ್ಸಿಗೆ ಪರ್ಮಿಟ್ ಅಗತ್ಯವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 66ನೆಯ ಕಲಮು ಪೊಲೀಸ್, ಅಗ್ನಿಶಾಮಕ ಮತ್ತು ಆಂಬುಲೆನ್ಸ್ ವಾಹನಗಳಿಗೆ ಈ ವಿನಾಯಿತಿಯನ್ನು ನೀಡಿದೆ. ಉದ್ದೇಶ ಒಳ್ಳೆಯದೇ: ಪ್ರಾಣ ಉಳಿಸಲು ಹೊರಟ ವಾಹನವು ಕಾಗದಪತ್ರಗಳಿಗಾಗಿ ನಿಲ್ಲಬಾರದು. ಆದರೆ ಆಗಿರುವುದೇನು? ಪರ್ಮಿಟ್ ಇಲ್ಲವಾದ್ದರಿಂದ ಅದರೊಡನೆ ಬರಬೇಕಾದ ಷರತ್ತುಗಳೂ ಇಲ್ಲ. ವಾಹನದ ನೋಂದಣಿ, ಅರ್ಹತಾ ಪತ್ರ, ವಿಮೆ, ಚಾಲಕನ ಲೈಸೆನ್ಸ್, ಇಷ್ಟನ್ನು ನೋಡಿದರೆ ಸಾರಿಗೆ ಇಲಾಖೆಯ ಕೆಲಸ ಮುಗಿಯಿತು. ಒಳಗೆ ಸಿಗುವ ಸೇವೆಗೆ ಪರವಾನಗಿ ಕೊಡುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ವಾಹನದ ಮಟ್ಟಿಗೆ ನಿಯಮಗಳ ಕೊರತೆಯಿಲ್ಲ. ಎ.ಐ.ಎಸ್. 125 ಎಂಬ ರಾಷ್ಟ್ರೀಯ ಮಾನದಂಡವು ಆಂಬುಲೆನ್ಸುಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದೆ. 'ಎ' ವರ್ಗದ್ದು ಮೊದಲು ಸ್ಥಳಕ್ಕೆ ಧಾವಿಸುವ ವಾಹನ. 'ಬಿ' ರೋಗಿಯನ್ನು ಸಾಗಿಸಲು ಮಾತ್ರ. 'ಸಿ'ಯಲ್ಲಿ ಪ್ರಾಥಮಿಕ ಜೀವರಕ್ಷಕ ಸೌಲಭ್ಯವಿರಬೇಕು. 'ಡಿ'ಯಲ್ಲಿ ಉನ್ನತ ಮಟ್ಟದ ಜೀವರಕ್ಷಕ ಉಪಕರಣಗಳಿರಬೇಕು. ಆದರೆ ರೋಗಿಯ ಮನೆಯವರಿಗೆ ಇದಾವುದೂ ತಿಳಿಯದು. ಬಿಳಿ ಬಣ್ಣ, ಮೇಲೊಂದು ದೀಪ, ಸೈರನ್, ಗಾಜಿನ ಮೇಲೆ 'ಐಸಿಯು' ಎಂಬ ಅಕ್ಷರ. ಇಷ್ಟನ್ನು ಕಂಡು ನಂಬುತ್ತಾರೆ. ಸಿಲಿಂಡರಿನಲ್ಲಿ ಆಮ್ಲಜನಕ ಇದೆಯೇ ಎಂದು ಮಧ್ಯರಾತ್ರಿಯಲ್ಲಿ ಕೇಳುವ ಸ್ಥಿತಿಯಲ್ಲಿ ಅವರು ಇರುವುದಿಲ್ಲ.

ಉಪಕರಣಗಳಿಗಿಂತ ಮುಖ್ಯವಾದದ್ದು ರೋಗಿಯ ಪಕ್ಕದಲ್ಲಿ ಕುಳಿತವರ ತರಬೇತಿ. 2021ರಲ್ಲಿ ಜಾರಿಗೆ ಬಂದ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯು ತುರ್ತು ವೈದ್ಯಕೀಯ ತಂತ್ರಜ್ಞರನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಅಂದರೆ ಇದೂ ನೋಂದಣಿ ಬೇಕಾದ ಒಂದು ವೃತ್ತಿ ಎಂದು ಕಾನೂನೇ ಒಪ್ಪಿದೆ. ಹಾಗಿರುವಾಗ ಚಾಲಕನೊಬ್ಬನೇ ವಾಹನ ಓಡಿಸುತ್ತ, ಹಿಂದೆ ರೋಗಿಯ ಮಗನೋ ಮಗಳೋ ಸಲೈನ್ ಬಾಟಲಿ ಹಿಡಿದು ಕೂರುವ ಪದ್ಧತಿಯನ್ನು ಆಂಬುಲೆನ್ಸ್ ಸೇವೆ ಎನ್ನಲು ನಮಗೆ ಮನಸ್ಸು ಬಾರದು.

ಇನ್ನು ದರದ ಮಾತು. ಕೋವಿಡ್ ಕಾಲದ ಸುಲಿಗೆಯನ್ನು ಯಾರೂ ಮರೆತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆಂಬುಲೆನ್ಸಿಗೆ ನ್ಯಾಯಸಮ್ಮತ ದರ ನಿಗದಿ ಮಾಡುವಂತೆ ರಾಜ್ಯಗಳಿಗೆ ಸೂಚಿಸಬೇಕಾಯಿತು. ನೆರೆಯ ಕೇರಳವು 2024ರಲ್ಲಿ ವಾಹನದ ವರ್ಗಕ್ಕೆ ತಕ್ಕಂತೆ ಕನಿಷ್ಠ ದರ ಮತ್ತು ಅನಂತರದ ಪ್ರತಿ ಕಿಲೋಮೀಟರಿನ ದರ ಎಂದು ಪಟ್ಟಿ ಮಾಡಿತು. ನಮ್ಮಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಮರಳುವ ಹಾದಿಯ ಲೆಕ್ಕದಲ್ಲಿ. ಖಾಲಿ ಬರುವ ವಾಹನದ ಇಂಧನವನ್ನು ಯಾರು ಕೊಡಬೇಕು? ಚಾಲಕನ ಕಷ್ಟವೂ ಸುಳ್ಳಲ್ಲ. ಆದರೆ ಅದನ್ನು ಮೊದಲೇ ಹೇಳದೆ, ಆಸ್ಪತ್ರೆಯ ಬಾಗಿಲಲ್ಲಿ ಹೇಳುವುದು ಅನ್ಯಾಯ. ಖಾಸಗಿ ಆಸ್ಪತ್ರೆಗಳು ದರಪಟ್ಟಿಯನ್ನು ಪ್ರದರ್ಶಿಸಬೇಕೆಂದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಹೇಳುತ್ತದೆ. ಆಂಬುಲೆನ್ಸುಗಳನ್ನೂ ಈ ಕಾಯ್ದೆಯ ವ್ಯಾಪ್ತಿಗೆ ತರುವ ಮಾತು ಸರ್ಕಾರದ ಕಡೆಯಿಂದಲೇ ಬಂದಿದೆ. ಈ ಮಾತನ್ನು ನಾವು ಸ್ವಾಗತಿಸುತ್ತೇವೆ.

ಇಲ್ಲಿ ಮಠಗಳು ಮತ್ತು ದಾನಿಗಳು ಸ್ವಲ್ಪ ನಿಂತು ಯೋಚಿಸಬೇಕು. ಹಿರಿಯರ ಸ್ಮರಣೆಗಾಗಿ ಊರಿಗೊಂದು ಆಂಬುಲೆನ್ಸ್ ಕೊಡುವುದು ನಮ್ಮ ಸದ್ಭಕ್ತರಲ್ಲಿ ಬೆಳೆದಿರುವ ಒಳ್ಳೆಯ ರೂಢಿ. ಪೂಜೆಯಾಗುತ್ತದೆ, ಹೂಮಾಲೆ ಬೀಳುತ್ತದೆ, ಕೀಲಿಕೈ ಹಸ್ತಾಂತರವಾಗುತ್ತದೆ. ಎರಡನೆಯ ವರ್ಷ ಟೈರು ಸವೆದಾಗ, ಚಾಲಕನ ಸಂಬಳ ನಿಂತಾಗ, ಅದೇ ವಾಹನ ಗ್ಯಾರೇಜಿನ ಮೂಲೆ ಸೇರುತ್ತದೆ. ದಾನವಾದದ್ದು ವಾಹನ, ಬೇಕಾದದ್ದು ಸೇವೆ. ಆದ್ದರಿಂದ ಟ್ರಸ್ಟುಗಳಿಗೆ ಶುಲ್ಕದಲ್ಲಿ ರಿಯಾಯಿತಿ ಇರಲಿ, ತಪಾಸಣೆಯಲ್ಲಿ ಬೇಡ ಎಂಬುದು ನಮ್ಮ ನಿಲುವು. ದಾಸೋಹದ ಹೆಸರಿನಲ್ಲಿ ಓಡುವ ವಾಹನದಲ್ಲಿ ಖಾಲಿ ಸಿಲಿಂಡರ್ ಇದ್ದರೆ ರೋಗಿಗೆ ಆಗುವ ಹಾನಿ ಕಡಿಮೆಯೇನಲ್ಲ.

ಕಟ್ಟುನಿಟ್ಟು ಹೆಚ್ಚಾದರೆ ಹಳ್ಳಿಗಳಿಗೆ ಇರುವ ಒಂದು ವಾಹನವೂ ಇಲ್ಲವಾದೀತು ಎಂಬ ಆಕ್ಷೇಪವುಂಟು. ಅದರಲ್ಲಿ ಹುರುಳಿದೆ. 2008ರಿಂದ ರಾಜ್ಯದಲ್ಲಿ 108 ಸೇವೆ ಇದ್ದರೂ, ಅದು ಬೇರೆ ಕರೆಗೆ ಹೋಗಿರುವ ವೇಳೆಯಲ್ಲಿ ಊರಿನ ಹಳೆಯ ಓಮ್ನಿಯೇ ಗತಿ. ಅಂಥ ವಾಹನಕ್ಕೆ 'ಡಿ' ವರ್ಗದ ಷರತ್ತು ಹೇರುವುದು ಅವಿವೇಕ. 'ಬಿ' ವರ್ಗದ್ದೆಂದು ಪರವಾನಗಿ ಕೊಟ್ಟು, ಆ ವರ್ಗವನ್ನು ಬಾಗಿಲ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಿದರೆ ಸಾಕು. ಹೃದಯಾಘಾತವಾದವರನ್ನು ಅದರಲ್ಲಿ ನೂರು ಕಿಲೋಮೀಟರ್ ಒಯ್ಯಬಾರದೆಂಬುದು ಆಗ ಮನೆಯವರಿಗೂ ತಿಳಿಯುತ್ತದೆ.

ಕೊನೆಯದಾಗಿ, ಗಡಿ ಜಿಲ್ಲೆಗಳ ಕಷ್ಟವನ್ನು ಬೆಂಗಳೂರಿನಲ್ಲಿ ಕುಳಿತವರು ಮರೆಯಬಾರದು. ವಿಜಯಪುರ, ಕಲಬುರಗಿಗಳ ರೋಗಿಗಳು ಸೊಲ್ಲಾಪುರಕ್ಕೂ ಬೀದರಿನವರು ಹೈದರಾಬಾದಿಗೂ ಹೋಗುವುದು ಹೊಸದಲ್ಲ. ಪರ್ಮಿಟ್ ವಿನಾಯಿತಿಯಿಂದ ಇದುವರೆಗೆ ಆಗಿರುವ ಒಂದು ಉಪಕಾರವೆಂದರೆ ಈ ಓಡಾಟಕ್ಕೆ ತಡೆಯಿಲ್ಲದಿರುವುದು. ಬೀದರಿನಲ್ಲಿ ಪಡೆದ ಪರವಾನಗಿಯು ಜಹೀರಾಬಾದ್ ದಾಟಿದ ಮೇಲೂ ಊರ್ಜಿತವಾಗಿರುವಂತೆ, ನಿಯಮ ರೂಪಿಸುವ ಹಂತದಲ್ಲಿಯೇ ತೆಲಂಗಾಣ ಮತ್ತು ಮಹಾರಾಷ್ಟ್ರಗಳೊಡನೆ ಮಾತುಕತೆ ನಡೆಯಬೇಕು.